ಗುಂಪಿನ ಸೈಕಲ್ ಸವಾರಿಗೆ ನಾನು ಸಿದ್ಧಳಾಗುವುದು ಹೇಗೆ?

ಪ್ರಶ್ನೆ: ನನಗೆ 43 ವರ್ಷ. ಮೈಸೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಕಳೆದ ವರ್ಷ ಗೇರ್ ಇರುವ, ನೆಟ್ಟನೆಯ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್ ಕೊಂಡು, ವಾರಕ್ಕೆ ಎರಡು ಮೂರು ದಿನ ಕುಕ್ಕರಹಳ್ಳಿ ಕೆರೆ, ಮಾನಸಗಂಗೋತ್ರಿಯ ಸುತ್ತಮುತ್ತ ಎಂಟು ಹತ್ತು ಕಿ.ಮೀ. ಹೋಗಿಬರುತ್ತೇನೆ. ನಮ್ಮ ಬಡಾವಣೆಯ ಗುಂಪೊಂದು ಪ್ರತಿ ಭಾನುವಾರ ಕೆಆರ್‌ಎಸ್‌ಗೆ ಹೋಗಿಬರುತ್ತದೆ. ಒಟ್ಟು ಸುಮಾರು 40 ಕಿ.ಮೀ. ಆಗುತ್ತದಂತೆ. ನನ್ನನ್ನೂ ಕರೆಯುತ್ತಿದ್ದಾರೆ. ಆದರೆ ಸಣ್ಣ ಏರು ಬಂದರೂ ಏದುಸಿರು ಬರುತ್ತದೆ, ಮಂಡಿಯ ಮುಂಭಾಗ ನೋಯುತ್ತದೆ, ಪಕ್ಕದಲ್ಲಿ ಇನ್ನೊಂದು ಸೈಕಲ್ ಬಂದರೆ ಕೈ ನಡುಗುತ್ತದೆ. ನನ್ನಿಂದಾಗಿ ಎಲ್ಲರೂ ಕಾಯುವಂತಾದರೆ ಎಂಬ ಸಂಕೋಚ ಬೇರೆ. ಹೇಗೆ ತಯಾರಾಗಲಿ? ರೋಡ್ ಬೈಕ್ (ಬಾಗಿದ ಹ್ಯಾಂಡಲ್, ತೆಳು ಟೈರಿನ ವೇಗದ ಸೈಕಲ್) ಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ದೇಹದ ಕಸುವು, ಸೈಕಲ್ ಮೇಲಿನ ಹಿಡಿತ ಮತ್ತು ನಾಲ್ಕು ಜನರ ನಡುವಿನ ಸಂಕೋಚ ಎಲ್ಲವೂ ಒಂದೇ ಭಯವಾಗಿ ಹೆಣೆದುಕೊಂಡಿವೆ. ಇವುಗಳನ್ನು ಬಿಡಿಸಿಟ್ಟು ನೋಡಿದರೆ, ಕಸುವಿನ ವಿಷಯದಲ್ಲಿ ನೀವು ಅಂದುಕೊಂಡಷ್ಟು ಹಿಂದೆ ಇಲ್ಲವೆಂದೂ, ಹಿಡಿತದ ವಿಷಯದಲ್ಲಿ ಮಾತ್ರ ಇನ್ನೂ ಕೆಲಸ ಬಾಕಿ ಇದೆಯೆಂದೂ ತಿಳಿಯುತ್ತದೆ. ಹೊಸಬರಲ್ಲಿ ಹೆಚ್ಚಿನವರು ಇನ್ನಷ್ಟು ದೂರ, ಇನ್ನಷ್ಟು ವೇಗ ಎಂದು ತಿಂಗಳುಗಟ್ಟಲೆ ಒಬ್ಬರೇ ತುಳಿಯುತ್ತಾರೆಯೇ ಹೊರತು, ಹಿಂದಿರುಗಿ ನೋಡುವುದು, ಒಂದು ಕೈ ಬಿಟ್ಟು ಓಡಿಸುವುದು, ಇನ್ನೊಬ್ಬರ ಪಕ್ಕದಲ್ಲಿ ನೇರವಾಗಿ ಹೋಗುವುದು ಮುಂತಾದವನ್ನು ಕಲಿಯುವುದೇ ಇಲ್ಲ. ಗುಂಪಿನಲ್ಲಿ ನಿಮ್ಮ ಪಕ್ಕದಲ್ಲಿ ಬರುವವರಿಗೆ ನೀವು ಎಷ್ಟು ವೇಗದವರು ಎಂಬುದಕ್ಕಿಂತ, ಮುಂದಿನ ಕ್ಷಣದಲ್ಲಿ ನೀವು ಏನು ಮಾಡುವಿರಿ ಎಂಬುದನ್ನು ಊಹಿಸಲು ಸಾಧ್ಯವೇ ಎಂಬುದು ಮುಖ್ಯ. ನನ್ನ ಉತ್ತರದ ತಿರುಳು ಇಷ್ಟೇ.

ಮೊದಲು ಕಸುವಿನ ಲೆಕ್ಕ ನೋಡೋಣ. ವಾರಾಂತ್ಯದ ಸಾಮಾನ್ಯ ಗುಂಪುಗಳು ಗಂಟೆಗೆ 18ರಿಂದ 20 ಕಿ.ಮೀ. ಸರಾಸರಿಯಲ್ಲಿ ಹೋಗುತ್ತವೆ ಎಂದಿಟ್ಟುಕೊಂಡರೆ, 40 ಕಿ.ಮೀ.ಗೆ ಎರಡು ಗಂಟೆಯಿಂದ ಎರಡೂಕಾಲು ಗಂಟೆ ಬೇಕು. ನಡುವೆ ಕಾಫಿಗೆ ನಿಲ್ಲುವುದು ಬೇರೆ. ನೀವು ಈಗ ತುಳಿಯುತ್ತಿರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಅಂತರ ಇದೆ, ಆದರೆ ಎರಡೂವರೆ ತಿಂಗಳಲ್ಲಿ ತುಂಬಿಕೊಳ್ಳಬಹುದಾದ ಅಂತರ. ಗುರಿಯನ್ನು ಹೀಗೆ ಇಟ್ಟುಕೊಳ್ಳಿ: ಒಬ್ಬರೇ 30 ಕಿ.ಮೀ.ಯನ್ನು, ದಾರಿಯುದ್ದಕ್ಕೂ ಮಾತನಾಡಬಹುದಾದಷ್ಟು ನೆಮ್ಮದಿಯಿಂದ ತುಳಿದು, ಮನೆಗೆ ಬಂದ ಮೇಲೆ ಅಂದಿನ ಕೆಲಸಗಳನ್ನು ಎಂದಿನಂತೆ ಮಾಡಲು ಸಾಧ್ಯವಾಗಬೇಕು. ಅಷ್ಟಾದರೆ ಗುಂಪಿನಲ್ಲಿ 40 ಕಿ.ಮೀ. ಆಗುತ್ತದೆ, ಏಕೆಂದರೆ ನಾಲ್ಕು ಜನರ ಜೊತೆಗಿದ್ದಾಗ ಉಳಿದ ದೂರ ಸರಾಗವಾಗಿ ಕಳೆಯುತ್ತದೆ. ಗುಂಪನ್ನು ನಡೆಸುವವರನ್ನು ಈಗಲೇ ಕೇಳಿ ತಿಳಿದುಕೊಳ್ಳಿ: ಸರಾಸರಿ ವೇಗ ಎಷ್ಟು, ಹಿಂದುಳಿದವರಿಗಾಗಿ ಕಾಯುತ್ತೀರಾ, ಕೊನೆಯಲ್ಲಿ ಯಾರಾದರೂ ಅನುಭವಿಗಳು ಬರುತ್ತಾರೆಯೇ? ಸರಾಸರಿ 20 ಎಂದರೆ ಸಪಾಟು ರಸ್ತೆಯಲ್ಲಿ 23, 24ರಲ್ಲಿ ಹೋಗುತ್ತಿರುತ್ತಾರೆ ಎಂಬುದು ನೆನಪಿರಲಿ. ತಿರುವು, ಹಂಪ್, ಊರೊಳಗಿನ ಸಂದಣಿ ಎಲ್ಲ ಸೇರಿಯೇ ಸರಾಸರಿ ಇಳಿಯುತ್ತದೆ. ಹೊಸಬರು ಗಾಬರಿಯಾಗುವುದು ಸಾಮಾನ್ಯವಾಗಿ ಈ ವ್ಯತ್ಯಾಸವನ್ನು ಯಾರೂ ಹೇಳಿರದ ಕಾರಣಕ್ಕೆ.

ತುಳಿಯುವುದನ್ನು ಹೆಚ್ಚಿಸುವ ಮೊದಲು ಒಂದು ಕೆಲಸವಿದೆ. ಒಂದು ವರ್ಷ ನಿಯಮಿತವಾಗಿ ಸೈಕಲ್ ತುಳಿದ ಮೇಲೂ ಸಣ್ಣ ಏರಿಗೆ ಏದುಸಿರು ಬರುತ್ತಿದೆ ಎಂದರೆ, ಅದನ್ನು ಅಭ್ಯಾಸದ ಕೊರತೆ ಎಂದು ತಳ್ಳಿಹಾಕದೆ ವೈದ್ಯರ ಬಳಿ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿಯೇ ಕಡಿಮೆ ಇರುವಾಗ ಎಷ್ಟು ಕಷ್ಟಪಟ್ಟು ತುಳಿದರೂ ಉಸಿರು ಸುಧಾರಿಸುವುದಿಲ್ಲ. ಬದಲಿಗೆ, ನನ್ನಿಂದ ಆಗುವುದಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬಂದು ಸೈಕಲನ್ನೇ ಮೂಲೆಗೆ ಸೇರಿಸಿಬಿಡುತ್ತಾರೆ. ಎದೆ ಬಿಗಿದಂತಾಗುವುದು, ತಲೆ ಸುತ್ತುವುದು, ಎದೆಬಡಿತ ಏರುಪೇರಾಗುವುದು ಇದ್ದರಂತೂ ಪರೀಕ್ಷೆ ಆಗುವವರೆಗೆ ಸವಾರಿ ಬೇಡ.

ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ ಎಂದಾದರೆ, ಏದುಸಿರಿಗೆ ಕಾರಣ ಬಹುಶಃ ನೀವು ಪ್ರತಿದಿನವೂ ಸ್ವಲ್ಪ ಹೆಚ್ಚೇ ಜೋರಾಗಿ ತುಳಿಯುತ್ತಿರುವುದು. ದೂರ ಕಡಿಮೆ ಇದ್ದಾಗ ಹೀಗಾಗುವುದು ಸಹಜ. ವಾರದ ಸವಾರಿಯಲ್ಲಿ ಹೆಚ್ಚಿನ ಪಾಲು ಪೂರ್ತಿ ವಾಕ್ಯಗಳಲ್ಲಿ ಮಾತನಾಡಬಹುದಾದ ವೇಗದಲ್ಲೇ ಇರಬೇಕು. ಈ ಮಟ್ಟದಲ್ಲಿ ದೀರ್ಘಕಾಲ ತುಳಿದಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿ ಬೆಳೆಯುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ವಾರಕ್ಕೆ ಮೂರು ದಿನ ಸಾಕು: ಶಾಲೆಯ ದಿನಗಳಲ್ಲಿ ಎರಡು ದಿನ ಮುಕ್ಕಾಲು ಗಂಟೆ, ಭಾನುವಾರ ಒಂದು ಉದ್ದದ ಸವಾರಿ. ಭಾನುವಾರದ್ದನ್ನು 12 ಕಿ.ಮೀ.ಯಿಂದ ಆರಂಭಿಸಿ 15, 18 ಎಂದು ಏರಿಸಿ, ನಾಲ್ಕನೆಯ ವಾರ 14ಕ್ಕೆ ಇಳಿಸಿ, ಮತ್ತೆ 20, 23, 26ಕ್ಕೆ ಹೋಗಿ, ಎಂಟನೆಯ ವಾರ ಮತ್ತೆ ಇಳಿಸಿ, ಹತ್ತನೆಯ ವಾರದ ಹೊತ್ತಿಗೆ 30 ಮುಟ್ಟಬಹುದು. ನಡುನಡುವೆ ಇಳಿಸಬೇಕೆನ್ನುವುದಕ್ಕೆ ಕಾರಣವಿದೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಚುರುಕಾಗುತ್ತವೆ, ಆದರೆ ಸ್ನಾಯುರಜ್ಜು, ಕೀಲುಗಳ ಸುತ್ತಲಿನ ಅಂಗಾಂಶಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸುಧಾರಿಸಿತೆಂದು ದೂರವನ್ನು ಒಮ್ಮೆಲೇ ಎರಡರಷ್ಟು ಮಾಡಿದವರಿಗೆ ಮಂಡಿ ಹಿಡಿದುಕೊಳ್ಳುವುದು ಇದಕ್ಕಾಗಿಯೇ.

ನಾಲ್ಕನೆಯ ವಾರದ ನಂತರ ಶಾಲೆಯ ದಿನಗಳ ಎರಡು ಸವಾರಿಗಳಲ್ಲಿ ಒಂದನ್ನು ಬದಲಿಸಿ. ಹತ್ತು ನಿಮಿಷ ಹಗುರವಾಗಿ ತುಳಿದ ಮೇಲೆ, ಒಂದು ಸಣ್ಣ ಏರಿನಲ್ಲಿ ಎರಡು ಮೂರು ಪದಗಳಿಗಿಂತ ಹೆಚ್ಚು ಆಡಲಾಗದಷ್ಟು ಶ್ರಮದಲ್ಲಿ ಮೂರು ನಿಮಿಷ ತುಳಿಯುವುದು, ಮೂರು ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ನಾಲ್ಕು ಬಾರಿ. ಗುಂಪಿನಲ್ಲಿ ಫ್ಲೈಓವರ್ ಹತ್ತುವಾಗ, ಸಿಗ್ನಲ್ ದಾಟಿ ಮುಂದಿನವರನ್ನು ಸೇರಿಕೊಳ್ಳುವಾಗ ಬೇಕಾಗುವುದು ಇಂಥ ಎರಡು ಮೂರು ನಿಮಿಷದ ಶಕ್ತಿಯೇ. ಚಾಮುಂಡಿ ಬೆಟ್ಟ ಹತ್ತಿದರೇ ಸೈಕಲ್ ಸವಾರರು ಎಂಬ ಮಾತು ಮೈಸೂರಿನಲ್ಲಿ ಆಗಾಗ ಕೇಳಿಬರುತ್ತದೆ. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಮೇಲೇರುವ ಆ ದಾರಿ ಒಳ್ಳೆಯ ಅಭ್ಯಾಸವೇ ಆದರೂ, ಕೆಆರ್‌ಎಸ್ ಸವಾರಿಗೆ ಅದರ ಅಗತ್ಯವಿಲ್ಲ.

ಮಂಡಿಯ ಮುಂಭಾಗದ ನೋವಿಗೆ ಅತ್ಯಂತ ಸಾಮಾನ್ಯ ಕಾರಣ ಸೀಟು ತಗ್ಗಾಗಿರುವುದು. ಮಂಡಿ ಹೆಚ್ಚು ಮಡಿಸಿದ ಸ್ಥಿತಿಯಲ್ಲೇ ಒತ್ತಡ ಹಾಕಬೇಕಾದಾಗ ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಒತ್ತಿ ಉಜ್ಜುತ್ತದೆ. ಗೋಡೆಗೆ ಕೈ ಕೊಟ್ಟು ಸೀಟಿನ ಮೇಲೆ ನೇರವಾಗಿ ಕುಳಿತು, ಪೆಡಲ್ ಅನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೇರವಾಗಬೇಕು. ತುಳಿಯುವುದು ಹಿಮ್ಮಡಿಯಿಂದಲ್ಲ, ಬೆರಳುಗಳ ಹಿಂದಿನ ಅಗಲವಾದ ಭಾಗದಿಂದ; ಪಾದವನ್ನು ಹಾಗೆ ಇಟ್ಟಾಗ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಸೀಟನ್ನು ಒಮ್ಮೆಗೇ ಏರಿಸದೆ, ಒಂದೊಂದು ಸವಾರಿಗೆ ನಾಲ್ಕೈದು ಮಿಲಿಮೀಟರ್‌ನಂತೆ ಏರಿಸಿ. ಮಂಡಿಯ ಹಿಂಭಾಗ ಎಳೆದಂತಾದರೆ, ಅಥವಾ ತುಳಿಯುವಾಗ ಸೊಂಟ ಆಚೀಚೆ ಅಲುಗಾಡಿದರೆ ಹೆಚ್ಚಾಯಿತೆಂದು ಅರ್ಥ.

ಇಲ್ಲಿ ಒಂದು ತೊಡಕಿದೆ. ಸೀಟು ಸರಿಯಾದ ಎತ್ತರಕ್ಕೆ ಬಂದ ಮೇಲೆ ಕುಳಿತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ತಾಗುವುದಿಲ್ಲ. ಬಿದ್ದುಬಿಡುತ್ತೇನೆ ಎಂಬ ಭಯದಿಂದಲೇ ನಮ್ಮಲ್ಲಿ ಅನೇಕರು ಸೀಟನ್ನು ತಗ್ಗಾಗಿ ಇಟ್ಟುಕೊಂಡು ಮಂಡಿಯನ್ನು ಸವೆಸುತ್ತಾರೆ. ಇದಕ್ಕೆ ಪರಿಹಾರ ನಿಲ್ಲುವ ಕ್ರಮವನ್ನು ಹೊಸದಾಗಿ ಕಲಿಯುವುದು: ವೇಗ ತಗ್ಗಿದಾಗ ಬಲ ಪೆಡಲ್ ಕೆಳಗೆ ಬರುವಂತೆ ಮಾಡಿ, ಅದರ ಮೇಲೆ ಭಾರ ಬಿಟ್ಟು, ಸೀಟಿನಿಂದ ಮುಂದಕ್ಕೆ ಇಳಿದು, ಎಡಗಾಲನ್ನು ನೆಲಕ್ಕೆ ಕೊಡಬೇಕು. ಹೊರಡುವಾಗ ಬಲ ಪೆಡಲ್ ಗಡಿಯಾರದ ಎರಡು ಗಂಟೆಯ ಜಾಗದಲ್ಲಿರಲಿ. ಅದನ್ನು ಒತ್ತಿದೊಡನೆ ಸೈಕಲ್ ಮುಂದಕ್ಕೆ ಹೋಗುತ್ತದೆ, ನೀವು ಸೀಟಿನ ಮೇಲೆ ಏರುತ್ತೀರಿ. ಖಾಲಿ ಮೈದಾನದಲ್ಲಿ ಒಂದು ಬೆಳಿಗ್ಗೆ ಇದನ್ನಷ್ಟೇ ಮಾಡಿ. ಸಿಗ್ನಲ್‌ನಲ್ಲಿ ತಡವರಿಸದೆ ನಿಂತು ಹೊರಡಲು ಬಂದರೆ ಸಗಟಾಗಿ ಅರ್ಧ ಭಯ ಹೋಗುತ್ತದೆ.

ಮಂಡಿ ನೋವಿಗೆ ಎರಡನೆಯ ಕಾರಣ ಭಾರದ ಗೇರ್. ಬಲ ಮಂಡಿ ಮೇಲೆ ಬರುವುದನ್ನು 15 ಸೆಕೆಂಡು ಎಣಿಸಿ. 12, 13 ಬಂದರೆ ಗೇರ್ ಭಾರವಾಗಿದೆ. 19, 20 ಬಂದರೆ, ಅಂದರೆ ನಿಮಿಷಕ್ಕೆ 80ರ ಆಸುಪಾಸಿನಲ್ಲಿದ್ದರೆ, ಸರಿ. ಏರು ಆರಂಭವಾದ ಮೇಲೆ ಗೇರ್ ಬದಲಿಸಲು ಹೋದರೆ ಚೈನ್ ಕರಕರ ಎನ್ನುತ್ತದೆ, ಕೆಲವೊಮ್ಮೆ ಕಳಚಿಕೊಳ್ಳುತ್ತದೆ. ಏರು ಕಂಡೊಡನೆ, ಅದರ ಬುಡ ಮುಟ್ಟುವ ಮೊದಲೇ ಹಗುರ ಗೇರ್‌ಗೆ ಬನ್ನಿ. ಇದರ ಜೊತೆಗೆ ವಾರಕ್ಕೆರಡು ದಿನ ಮನೆಯಲ್ಲಿ ಹತ್ತು ನಿಮಿಷ ಬಸ್ಕಿ, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವುದು) ಮಾಡಿದರೆ ಮಂಡಿಗೂ ಸೊಂಟಕ್ಕೂ ಆಧಾರವಾಗುತ್ತದೆ.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಪಕ್ಕದಲ್ಲಿ ಸೈಕಲ್ ಬಂದರೆ ಕೈ ನಡುಗುತ್ತದೆ ಎಂದಿದ್ದೀರಿ. ಕೈ ಗಟ್ಟಿಯಾಗಿ ಬಿಗಿದುಕೊಂಡಿರುವುದರಿಂದಲೇ ನಡುಗುತ್ತದೆ. ಮೊಣಕೈ ಸ್ವಲ್ಪ ಬಾಗಿರಲಿ, ಭುಜ ಕಿವಿಯ ಕಡೆ ಏರದಿರಲಿ, ಹಿಡಿಯ ಮೇಲೆ ಬೆರಳುಗಳು ಹಗುರವಾಗಿರಲಿ. ಸೈಕಲ್ ತಾನಾಗಿಯೇ ನೇರ ಹೋಗಬಯಸುವ ಯಂತ್ರ. ಅದನ್ನು ಅಲುಗಾಡಿಸುವುದು ನಮ್ಮ ಬಿಗಿತ. ವಾಹನಗಳಿಲ್ಲದ ರಸ್ತೆಯಲ್ಲಿ ಅಂಚಿನ ಬಿಳಿ ಗೆರೆಯ ಮೇಲೆ ನೂರು ಮೀಟರ್ ತುಳಿದು ನೋಡಿ. ಗೆರೆಯನ್ನೇ ನೋಡುತ್ತಾ ಹೋದರೆ ತಪ್ಪುತ್ತೀರಿ, ದೃಷ್ಟಿಯನ್ನು ಇಪ್ಪತ್ತು ಮೂವತ್ತು ಮೀಟರ್ ಮುಂದಿಟ್ಟರೆ ಗೆರೆಯ ಮೇಲೆಯೇ ಇರುತ್ತೀರಿ. ಅದು ಬಂದ ಮೇಲೆ, ಗೆರೆಯ ಮೇಲೆ ಹೋಗುತ್ತಲೇ ಬಲಭುಜದ ಮೇಲಿಂದ ಹಿಂದೆ ನೋಡುವುದನ್ನು ಅಭ್ಯಾಸ ಮಾಡಿ. ತಲೆ ತಿರುಗಿದ ಕಡೆಗೆ ಹ್ಯಾಂಡಲ್ ಕೂಡ ಎಳೆಯುತ್ತದೆ, ಸೈಕಲ್ ರಸ್ತೆಯ ನಡುವಿಗೆ ವಾಲುತ್ತದೆ. ಗಲ್ಲವನ್ನು ಭುಜಕ್ಕೆ ಇಳಿಸಿದಂತೆ ತಿರುಗಿಸಿ, ಎಡಗೈಯನ್ನು ಸಡಿಲವಾಗಿಟ್ಟರೆ ಕೆಲವೇ ದಿನಗಳಲ್ಲಿ ಈ ಎಳೆತ ನಿಲ್ಲುತ್ತದೆ. ಮುಂದಿನದು ಒಂದು ಕೈ ಬಿಟ್ಟು ಸಂಜ್ಞೆ ತೋರಿಸುವುದು, ಅದರ ಮುಂದಿನದು ನೀರಿನ ಬಾಟಲಿ ತೆಗೆದು ಕುಡಿದು, ಕೆಳಗೆ ನೋಡದೆ ಮತ್ತೆ ಅದರ ಜಾಗಕ್ಕೆ ಸೇರಿಸುವುದು. ಅಲ್ಲಿಯವರೆಗೆ ಗುಂಪಿನಲ್ಲಿ ಓಡಿಸುತ್ತಲೇ ನೀರು ಕುಡಿಯಲು ಹೋಗಬೇಡಿ, ನಿಂತಾಗ ಕುಡಿಯಿರಿ.

ಬ್ರೇಕ್ ವಿಷಯದಲ್ಲಿ, ನಿಮ್ಮ ಸೈಕಲ್‌ನಲ್ಲಿ ಯಾವ ಕೈಯ ಲಿವರ್ ಮುಂದಿನ ಚಕ್ರದ್ದು ಎಂಬುದನ್ನು ಮೊದಲು ನೋಡಿಕೊಳ್ಳಿ. ಎಲ್ಲ ಸೈಕಲ್‌ಗಳಲ್ಲೂ ಒಂದೇ ರೀತಿ ಇರುವುದಿಲ್ಲ. ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಆರಂಭಿಸಿ ಬಿಗಿಗೊಳಿಸುತ್ತಾ, ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನಿಲ್ಲಿಸುವುದನ್ನು ಕಲಿಯಿರಿ. ಮರಳು ಚೆಲ್ಲಿದ ತಿರುವಿನಲ್ಲಿ ಮಾತ್ರ ವೇಗವನ್ನು ತಿರುವಿಗೆ ಮೊದಲೇ ಕಳೆದುಕೊಳ್ಳಬೇಕು.

ಇಷ್ಟು ಒಬ್ಬರೇ ಮಾಡಿದ ಮೇಲೆ, ಗುಂಪಿನಲ್ಲಿ ನಿಮಗೆ ಸಲುಗೆ ಇರುವ ಒಬ್ಬರನ್ನು ಮಾತ್ರ ವಾರದ ನಡುವೆ ಕರೆದುಕೊಂಡು ಹೋಗಿ. ಮೊದಲು ಅವರ ಪಕ್ಕದಲ್ಲಿ ಎರಡು ತೋಳಿನಷ್ಟು ಅಂತರದಲ್ಲಿ, ನಂತರ ಒಂದು ತೋಳಿನಷ್ಟು. ಬಳಿಕ ಅವರ ಹಿಂದೆ ಎರಡು ಸೈಕಲ್ ಉದ್ದದ ಅಂತರದಲ್ಲಿ, ಧೈರ್ಯ ಬಂದಂತೆ ಒಂದು ಸೈಕಲ್ ಉದ್ದಕ್ಕೆ. ಅದಕ್ಕಿಂತ ಹತ್ತಿರ ಹೋಗುವ ಅಗತ್ಯ ಸದ್ಯಕ್ಕಿಲ್ಲ. ಮುಂದಿನವರ ಮರೆಯಲ್ಲಿ ಗಾಳಿಯ ತಡೆ ತಗ್ಗಿ ಶ್ರಮ ಉಳಿಯುತ್ತದೆ ಎಂಬುದು ನಿಜ. ಆದರೆ ಗಾಳಿಯ ತಡೆ ವೇಗದೊಂದಿಗೆ ತೀವ್ರವಾಗಿ ಏರುವಂಥದ್ದು, ಆದ್ದರಿಂದ ಗಂಟೆಗೆ 30 ಕಿ.ಮೀ. ಮೀರಿದ ಗುಂಪುಗಳಿಗೆ ಸಿಗುವಷ್ಟು ಲಾಭ 20ರ ವೇಗದಲ್ಲಿ ಸಿಗುವುದಿಲ್ಲ. ಎದುರುಗಾಳಿ ಇದ್ದಾಗ ಮಾತ್ರ ಲೆಕ್ಕ ಬೇರೆ. ಆಷಾಢದ ಪಡುವಣ ಗಾಳಿಯಲ್ಲಿ ಕೆಆರ್‌ಎಸ್ ಕಡೆ ಹೋಗುವಾಗ ಒಬ್ಬರ ಹಿಂದೆ ಇರುವುದರ ಸುಖ ನಿಮಗೇ ತಿಳಿಯುತ್ತದೆ.

ಹಿಂದೆ ಇರುವಾಗ ಮುಂದಿನ ಸೈಕಲ್‌ನ ಹಿಂಚಕ್ರವನ್ನೇ ದಿಟ್ಟಿಸಬೇಡಿ. ಸವಾರರ ಬೆನ್ನು ಮತ್ತು ಅವರ ಆಚೆಗಿನ ರಸ್ತೆ ಎರಡೂ ಕಣ್ಣಳತೆಯಲ್ಲಿರಲಿ. ನಿಮ್ಮ ಮುಂಚಕ್ರ ಅವರ ಹಿಂಚಕ್ರದ ಪಕ್ಕಕ್ಕೆ ನುಗ್ಗಲು ಎಂದೂ ಬಿಡಬೇಡಿ. ಅವರು ಗುಂಡಿ ತಪ್ಪಿಸಲು ಅರ್ಧ ಅಡಿ ಸರಿದರೂ ಚಕ್ರಗಳು ತಾಗುತ್ತವೆ, ತಾಗಿದಾಗ ಬೀಳುವುದು ಸಾಮಾನ್ಯವಾಗಿ ಹಿಂದಿನವರೇ. ಅಂತರ ತಗ್ಗಿತೆನಿಸಿದರೆ ಬ್ರೇಕ್ ಎಳೆಯುವ ಬದಲು ತುಳಿಯುವುದನ್ನು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ. ಗಾಳಿಯೇ ವೇಗವನ್ನು ಇಳಿಸುತ್ತದೆ. ಸೀಟಿನಿಂದ ಎದ್ದು ತುಳಿಯುವಾಗ ಸೈಕಲ್ ಒಂದು ಕ್ಷಣ ಹಿಂದಕ್ಕೆ ಬಂದಂತಾಗುತ್ತದೆ, ಆದ್ದರಿಂದ ಏಳುವ ಮೊದಲು ಒಂದು ಹೆಜ್ಜೆ ಜೋರಾಗಿ ತುಳಿದು ಎದ್ದರೆ ಹಿಂದಿನವರಿಗೆ ಗಾಬರಿಯಾಗುವುದಿಲ್ಲ. ಹಂಪ್, ಗುಂಡಿ, ನಿಂತ ಆಟೋ ಕಂಡಾಗ ಮುಂದಿನವರು ಕೂಗಿ ಹೇಳುತ್ತಾರೆ ಅಥವಾ ಕೈ ತೋರಿಸುತ್ತಾರೆ; ಅದನ್ನು ಹಿಂದಿನವರಿಗೆ ದಾಟಿಸುವುದು ನಿಮ್ಮ ಕೆಲಸ. ಕೈ ಬಿಡಲು ಧೈರ್ಯ ಸಾಲದಿದ್ದರೆ ‘ಗುಂಡಿ’, ‘ಹಂಪ್’ ಎಂದು ಕೂಗಿದರೆ ಸಾಕು. ತರಗತಿಯಲ್ಲಿ ಮಾತನಾಡಿ ಪಳಗಿದ ನಿಮಗೆ ದನಿಯ ಕೊರತೆ ಇರಲಾರದು.

ಸಂಕೋಚದ ಸ್ವಭಾವದವರೆಲ್ಲ ಮಾಡುವ ಒಂದು ಕೆಲಸದ ಬಗ್ಗೆ ಎಚ್ಚರಿಸಬೇಕು: ಗುಂಪಿನ ಕಟ್ಟಕಡೆಯಲ್ಲಿ ಸೇರಿಕೊಳ್ಳುವುದು. ಯಾರಿಗೂ ತೊಂದರೆ ಆಗದಿರಲಿ ಎಂದು ಹಾಗೆ ಮಾಡುತ್ತಾರೆ, ಆದರೆ ಕೊನೆಯ ಜಾಗವೇ ಅತಿ ದಣಿಸುವ ಜಾಗ. ಮುಂದಿನವರು ಹಂಪ್‌ನಲ್ಲಿ ಸ್ವಲ್ಪ ನಿಧಾನವಾದರೆ ಪ್ರತಿಯೊಬ್ಬರೂ ಅದಕ್ಕಿಂತ ಸ್ವಲ್ಪ ಹೆಚ್ಚು ನಿಧಾನವಾಗುತ್ತಾ ಬಂದು, ಕೊನೆಯವರು ಬಹುತೇಕ ನಿಂತೇ ಬಿಡುತ್ತಾರೆ. ಅಷ್ಟರಲ್ಲಿ ಮುಂದಿನವರು ವೇಗ ಹಿಡಿದಿರುತ್ತಾರೆ, ಕೊನೆಯವರು ಓಡಿ ಹಿಡಿಯಬೇಕಾಗುತ್ತದೆ. ಬೆಳಗಿನ ಸವಾರಿಯುದ್ದಕ್ಕೂ ಹೀಗೇ ಆದರೆ ಎಂಥವರೂ ಸೋತುಹೋಗುತ್ತಾರೆ. ಮೊದಲ ದಿನವೇ ನಡೆಸುವವರಿಗೆ ‘ಇದು ನನ್ನ ಮೊದಲ ರೈಡ್’ ಎಂದು ಹೇಳಿ ಮೂರನೆಯ ಅಥವಾ ನಾಲ್ಕನೆಯ ಜಾಗದಲ್ಲಿ ಇರಿ. ಅಲ್ಲಿ ವೇಗ ಹೆಚ್ಚು ಏರಿಳಿಯುವುದಿಲ್ಲ, ನಿಮ್ಮ ಉಸಿರು ಹೇಗಿದೆಯೆಂದು ಮುಂದಿನವರಿಗೂ ಕೇಳಿಸುತ್ತದೆ.

ನಿಮಗಾಗಿ ಕಾಯುವಂತಾದರೆ ಎಂಬ ಪ್ರಶ್ನೆಗೆ ನಾನು ಖಂಡಿತವಾಗಿ ಹೇಳಬಲ್ಲ ಉತ್ತರವೆಂದರೆ, ಹೊಸಬರಿಗಾಗಿ ಎರಡು ನಿಮಿಷ ಕಾಯದ ಗುಂಪು ಹೊಸಬರನ್ನು ಕರೆಯಬಾರದು. ನಿಮ್ಮನ್ನು ಅವರೇ ಕರೆದಿದ್ದಾರೆ. ಆದರೂ ಮನಸ್ಸು ಒಪ್ಪದಿದ್ದರೆ ಮೊದಲ ಎರಡು ಬಾರಿ ಅರ್ಧ ದಾರಿಗೆ ಒಪ್ಪಿಕೊಳ್ಳಿ: ಹೋಗುವಾಗ ಅವರ ಜೊತೆ ಹತ್ತು ಹನ್ನೆರಡು ಕಿ.ಮೀ. ಹೋಗಿ, ಮೊದಲೇ ಹೇಳಿಟ್ಟಂತೆ ಅಲ್ಲಿಂದ ನಿಮ್ಮ ಪಾಡಿಗೆ ನೀವು ಹಿಂದಿರುಗಿ. ದಾರಿ ಗೊತ್ತಿದ್ದು, ಹಿಂದಿರುಗುವ ಸ್ವಾತಂತ್ರ್ಯ ಇದ್ದಾಗ ಹೊಸಬರ ಎದೆಬಡಿತ ಹತೋಟಿಯಲ್ಲಿರುತ್ತದೆ. ಒಂದು ವೇಳೆ ಹಿಂದುಳಿದರೆ ಓಡಿ ಹಿಡಿಯಲು ಹೋಗಬೇಡಿ. ನಿಮ್ಮ ವೇಗದಲ್ಲೇ ಬನ್ನಿ, ಮುಂದಿನ ತಿರುವಿನಲ್ಲಿ ಸಿಗುತ್ತಾರೆ. ಗುಂಪಿನಲ್ಲಿ ಇನ್ನೊಬ್ಬ ಮಹಿಳೆ ಇದ್ದರೆ ಮೊದಲೇ ಮಾತನಾಡಿಕೊಳ್ಳಿ: ಶೌಚಾಲಯ ಎಲ್ಲಿದೆ ಎಂಬುದರಿಂದ ಹಿಡಿದು ಉಡುಪಿನವರೆಗೆ ಕೇಳಬೇಕಾದ ಎಷ್ಟೋ ವಿಷಯಗಳಿರುತ್ತವೆ. ಪ್ಯಾಡ್ ಇರುವ ಶಾರ್ಟ್ಸ್ ಅನ್ನು ಒಳಉಡುಪಿಲ್ಲದೆ ತೊಡಬೇಕು, ಇಲ್ಲದಿದ್ದರೆ ಹೊಲಿಗೆಯ ಅಂಚು ಉಜ್ಜಿ ಹುಣ್ಣಾಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದರ ಮೇಲೆ ಸಡಿಲ ಪ್ಯಾಂಟ್ ಹಾಕಿಕೊಳ್ಳುವುದಾದರೆ ಬಲಗಾಲಿನ ಅಂಚನ್ನು ಕಟ್ಟಿಕೊಳ್ಳಿ. ದುಪಟ್ಟಾ ಬೇಡವೇ ಬೇಡ.

ರಸ್ತೆಯಲ್ಲಿ ಎಡ ಅಂಚಿಗೆ ಅಂಟಿಕೊಂಡು ಹೋಗದೆ ಎರಡು ಮೂರು ಅಡಿ ಬಿಟ್ಟು ಹೋಗಿ. ಅಂಚಿನಲ್ಲೇ ಇದ್ದರೆ ಗಾಜಿನ ಚೂರು, ಚರಂಡಿಯ ಜಾಲರಿ ಕಂಡಾಗ ಸರಿಯಲು ಜಾಗವಿರುವುದಿಲ್ಲ, ಹಿಂದಿನ ವಾಹನಗಳೂ ಸವರಿಕೊಂಡೇ ಹೋಗುತ್ತವೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೋ, ಸೈಕಲ್‌ಗಳಿಗೆ ಪ್ರವೇಶವಿಲ್ಲ. ಮುಂದೆ ಶ್ರೀರಂಗಪಟ್ಟಣದ ಕಡೆ ಹೋದಾಗ ಸರ್ವಿಸ್ ರಸ್ತೆಯಲ್ಲೇ ಇರಬೇಕು. ಕಬ್ಬು ಸಾಗಿಸುವ ಕಾಲದಲ್ಲಿ ಮಂಡ್ಯದ ದಿಕ್ಕಿನ ರಸ್ತೆಗಳಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್‌ಗಳು ಇರುತ್ತವೆ, ಬೆಳಕು ಹರಿಯುವ ಮುನ್ನ ಹೊರಡುವಾಗ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇಲ್ಲದೆ ಹೋಗಬೇಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಗುಂಪಿನಲ್ಲಿ ಥಟ್ಟನೆ ಪಕ್ಕಕ್ಕೆ ಹೊರಳುವುದೇ ನಾಯಿಗಿಂತ ದೊಡ್ಡ ಅಪಾಯ. ನೇರವಾಗಿಯೇ ಹೋಗುತ್ತಾ ವೇಗ ತಗ್ಗಿಸಿ ಗದರಿಸಿ, ಅದು ಬಿಡದಿದ್ದರೆ ಹಿಂದಿನವರಿಗೆ ಕೂಗಿ ಹೇಳಿ ಇಳಿದು, ಸೈಕಲನ್ನು ನಡುವೆ ಅಡ್ಡ ಇಟ್ಟುಕೊಳ್ಳಿ.

ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿಯೋ ಬಾಳೆಹಣ್ಣೋ ತಿನ್ನಿ. ಒಂದೂವರೆ ಗಂಟೆ ಮೀರುವ ಸವಾರಿಗೆ ಜೇಬಿನಲ್ಲಿ ಕಡಲೆ ಮಿಠಾಯಿ ಅಥವಾ ಖರ್ಜೂರ ಇರಲಿ, ಹಸಿವಾಗುವ ಮೊದಲೇ ತಿನ್ನಿ. ಗಂಟೆಗೆ ಅರ್ಧ ಲೀಟರ್‌ನಷ್ಟು ನೀರು ಸಾಮಾನ್ಯವಾಗಿ ಸಾಕು, ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು.

ಕೊನೆಯದಾಗಿ ರೋಡ್ ಬೈಕ್. ಈಗ ಬೇಡ. ಹೈಬ್ರಿಡ್‌ನ ನೆಟ್ಟನೆಯ ಹ್ಯಾಂಡಲ್‌ನಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ಬ್ರೇಕ್ ಸದಾ ಬೆರಳ ತುದಿಯಲ್ಲೇ ಇರುತ್ತದೆ. ಹಿಡಿತ ಕಲಿಯುವವರಿಗೆ ಇವೆರಡೂ ಬೇಕು. ಟೈರಿನ ಗಾಳಿಯನ್ನು ಕೈಯಿಂದ ಒತ್ತಿ ಅಂದಾಜು ಮಾಡುವ ಬದಲು ಮೀಟರ್ ಇರುವ ಪಂಪ್ ಕೊಂಡು, ಟೈರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೆ ವಾರಕ್ಕೊಮ್ಮೆ ತುಂಬಿಸಿ. ಕಡಿಮೆ ಗಾಳಿಯಲ್ಲಿ ತುಳಿಯುವಾಗ ತಗಲುವ ಹೆಚ್ಚುವರಿ ಶ್ರಮವನ್ನು ಅನೇಕರು ತಮ್ಮ ಅಶಕ್ತತೆ ಎಂದು ತಿಳಿಯುತ್ತಾರೆ. ನಿಮ್ಮ ಚಕ್ರದ ಅಳತೆಯ ಒಂದು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಕೈಪಂಪ್ ಚೀಲದಲ್ಲಿರಲಿ, ಮನೆಯಲ್ಲಿ ಒಮ್ಮೆ ಹಿಂಚಕ್ರ ಕಳಚಿ ಟ್ಯೂಬ್ ಬದಲಿಸಿ ನೋಡಿ. ಕಾಲನ್ನು ಪೆಡಲ್‌ಗೆ ಬಿಗಿದಿಡುವ ಶೂಗಳ ಯೋಚನೆ ಮುಂದಿನ ವರ್ಷಕ್ಕಿರಲಿ. ಹೆಲ್ಮೆಟ್ ಮಾತ್ರ ಇಂದೇ ತನ್ನಿ: ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗಲ್ಲದ ಪಟ್ಟಿಯಡಿ ಒಂದೆರಡು ಬೆರಳಿಗಿಂತ ಹೆಚ್ಚು ಸಡಿಲವಿರಬಾರದು, ಒಮ್ಮೆ ಬಿದ್ದು ಪೆಟ್ಟಾದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು.